ಮೂರನೇ ಸಾರಿ ಸಿಕ್ಕಿಬಿದ್ದವನು

ಹೋದ ವರ್ಷ ಒಬ್ಬ ಹುಡುಗ ನನ್ನ ಫೋನ್ ಕಿತ್ಕೊಂಡು ಓಡಿ ಸಿಕ್ಕಿಬಿದ್ದ. ಅದು ಅವನ ಮೂರನೇ ಕೇಸಂತೆ. ಸ್ಟೇಷನ್‌ನಲ್ಲಿ ನಾನೇ ಹೇಳಿಬಿಟ್ಟೆ, "ಇಂಥವರನ್ನ ಜೀವನಪೂರ್ತಿ ಒಳಗಿಡಬೇಕು ಸಾರ್." ವೇದಿಕೆ ಮೇಲೆ ನಿಂತು ಕ್ಷಮೆ ಸಾರುವವನ ಮಾತು ನೋಡಿ!

ನಾನು ಬಯಸಿದ ಕಾನೂನನ್ನು ಅಮೆರಿಕದ ಕ್ಯಾಲಿಫೋರ್ನಿಯಾ 1994ರಲ್ಲೇ ಮಾಡಿತು. ಹಿಂದಿನ ವರ್ಷ, ಪೆರೋಲ್ ಮೇಲಿದ್ದ ಹಳೇ ಅಪರಾಧಿಯೊಬ್ಬ 12 ವರ್ಷದ ಹುಡುಗಿಯನ್ನು ಮನೆಯಿಂದಲೇ ಎತ್ತಿಕೊಂಡು ಹೋಗಿ ಕೊಂದಿದ್ದ. ಜನರ ಸಿಟ್ಟು ನ್ಯಾಯವಾದದ್ದೇ. ಹಿಂದೆ ಎರಡು ಗಂಭೀರ ಅಪರಾಧ ಸಾಬೀತಾಗಿದ್ದರೆ, ಮೂರನೆಯದು ಫೆಲೊನಿ ಪಟ್ಟಿಯಲ್ಲಿರುವ ಯಾವುದಾದರೂ ಸರಿ, ಕನಿಷ್ಠ 25 ವರ್ಷ, ಮೇಲೆ ಜೀವಾವಧಿ. "ತ್ರೀ ಸ್ಟ್ರೈಕ್ಸ್" ಅಂತಾರೆ.

1995ರಲ್ಲಿ ಡ್ರಗ್ಸ್ ಚಟವಿದ್ದ ಒಬ್ಬ ಎರಡು ಅಂಗಡಿಗಳಲ್ಲಿ ಒಂಬತ್ತು ವಿಡಿಯೊ ಕ್ಯಾಸೆಟ್ ಕದ್ದ. ಬೆಲೆ ಸುಮಾರು 150 ಡಾಲರ್. ಶಿಕ್ಷೆ ಕನಿಷ್ಠ 50 ವರ್ಷ! 2003ರಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಆ ಹುಡುಗಿಯ ತಂದೆ ಮೊದಲು ಈ ಕಾನೂನಿನ ಪರವಾಗಿದ್ದರು. ಹಿಂಸೆ ಮಾಡದವರೂ ಅದರೊಳಗೆ ಬೀಳ್ತಾರೆಂದು ತಿಳಿದ ಮೇಲೆ ವಿರೋಧಿಸಿದರು. ಮಗಳನ್ನೇ ಕಳೆದುಕೊಂಡವರು ಅವರು. ನಾನು ಕಳೆದುಕೊಂಡದ್ದು ಒಂದು ಫೋನ್.

ಸರಿ, ಅಪರಾಧ ಕಡಿಮೆ ಆಯ್ತಾ? ಆಯ್ತು. ಆದರೆ ಆ ದಶಕದಲ್ಲಿ ಅಂಥ ಕಾನೂನಿಲ್ಲದ ರಾಜ್ಯಗಳಲ್ಲೂ ಇಳಿಯಿತು. ಏನೂ ಪ್ರಯೋಜನವಾಗಲಿಲ್ಲ ಅಂತಲೂ ಹೇಳೋಕಾಗಲ್ಲ. ಹೆಲ್ಯಾಂಡ್, ಟಬಾರೊಕ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಎರಡು ಸ್ಟ್ರೈಕ್ ಆದವರ ಬಂಧನಗಳು ಶೇ. 17ರಿಂದ 20ರಷ್ಟು ಇಳಿದಿದ್ದವು. ಅದಕ್ಕೆ ತೆತ್ತ ಹಣ ಮಾತ್ರ ವಿಪರೀತ. ಭಯ ಕೆಲಸ ಮಾಡುತ್ತೆ, ಪ್ರಿಯರೇ. ಆದರೆ ಕಳ್ಳ ಹೆದರೋದು ಎಷ್ಟು ವರ್ಷ ಅನ್ನೋದಕ್ಕಿಂತ ಸಿಕ್ಕಿಬೀಳ್ತೀನಾ ಅನ್ನೋದಕ್ಕೆ. ಮತ್ತೆ ಇಪ್ಪತ್ತರಲ್ಲಿ ಸರ ಕಿತ್ತವರಲ್ಲಿ ಹೆಚ್ಚಿನವರು ಐವತ್ತರಲ್ಲಿ ಕೀಳೋದಿಲ್ಲ. ಆದರೂ ಜೈಲು ಅವರನ್ನು ಕಾಯುತ್ತಾ ಕೂರಬೇಕು. 2012ರಲ್ಲಿ ಅಲ್ಲಿನ ಮತದಾರರೇ ಕಾನೂನನ್ನು ಸಡಿಲಿಸಿದರು.

ನಮ್ಮ ನ್ಯಾಯ ಸಂಹಿತೆಯ 13ನೇ ಕಲಮಿನಲ್ಲೂ ಹಳೇ ಅಪರಾಧಿಗೆ ಹೆಚ್ಚಿನ ಶಿಕ್ಷೆ ಇದೆ. ಆದರೆ ಹಿಂದಿನದು ಸಾಬೀತಾಗಿರಬೇಕು. ಕೇಸು ಬೇರೆ, ಸಾಬೀತು ಬೇರೆ; ಸ್ಟೇಷನ್‌ನಲ್ಲಿ ನನಗೆ ಇದು ಹೊಳೆಯಲೇ ಇಲ್ಲ.

ಎಷ್ಟು ಸಾರಿ ಕ್ಷಮಿಸಬೇಕು ಅಂತ ಕೇಳಿದ ಪೇತ್ರನ ಲೆಕ್ಕ ಏಳರವರೆಗಾದರೂ ಹೋಗಿತ್ತು. ನನ್ನದು ಮೂರಕ್ಕೇ ಮುಗಿದಿತ್ತು. ಶಿಕ್ಷೆಯೇ ಬೇಡ ಅಂತ ನಾನು ಹೇಳ್ತಿಲ್ಲ. ಅವನು ಮಾಡಿದ್ದಕ್ಕೆ ಆಗಲಿ. ಮುಂದೆ ಮಾಡಬಹುದು ಅನ್ನೋದಕ್ಕೆ ಅವನ ಇಡೀ ಆಯುಷ್ಯ ಕೇಳೋಕೆ ನಾನ್ಯಾರು?

ಮುಂದಿನ ತಿಂಗಳು ಕೋರ್ಟಿನಲ್ಲಿ ನನ್ನ ಸಾಕ್ಷಿ ಇದೆ. ನನ್ನ ಫೋನ್ ಕಿತ್ತವನು ಇವನೇ ಅಂತ ಹೇಳ್ತೀನಿ. ಹಳೇ ಎರಡು ಕೇಸು ನಾನು ಕಂಡಿಲ್ಲ. ಇವತ್ತು ಪ್ರಾರ್ಥನೆಯಲ್ಲಿ ಅವನನ್ನೂ ನೆನೆಸಿಕೊಳ್ಳಿ.