ತಾಳ ತಪ್ಪದ ಬೆರಳು, ಎಲ್ಲೋ ಇರುವ ಮನಸ್ಸು

ಮಕ್ಕಳ ಕೈಗೆ ಮೊಬೈಲ್ ಕೊಡಬೇಕೇ ಬೇಡವೇ ಎಂಬ ಚರ್ಚೆಯ ಕಾಲ ಕಳೆದುಹೋಗಿದೆ. ಅದು ನಿಮ್ಮ ಮನೆಯಲ್ಲೂ ಇದೆ, ಇಲ್ಲಿ ಹನುಮನಹಳ್ಳಿಯ ಮನೆಗಳಲ್ಲೂ ಇದೆ. ಈಗ ತಂದೆ ತಾಯಂದಿರು ಕೇಳುವ ಪ್ರಶ್ನೆಯೇ ಬೇರೆ: "ಹಜರತ್, ಆ ಪಿಯಾನೋ ಆಟ ಹಲಾಲೋ ಹರಾಮೋ, ಒಂದೇ ಮಾತಿನಲ್ಲಿ ಹೇಳಿಬಿಡಿ." ಒಂದೇ ಮಾತಿನ ಉತ್ತರ ಕೇಳುವವರಿಗೂ ಹಗುರ, ಹೇಳುವವರಿಗೂ ಹಗುರ. ಆದರೆ ಆಟವನ್ನೇ ನೋಡದೆ ಅದರ ಬಗ್ಗೆ ಹೇಳುವುದು, ಸಾಕ್ಷಿಯನ್ನು ಕೇಳದೆ ತೀರ್ಪು ಕೊಟ್ಟಂತಾಗುತ್ತದೆ.

ಆಟ ಇಷ್ಟೇ. ಪರದೆಯ ಮೇಲಿನಿಂದ ಕಪ್ಪು ಹಂಚುಗಳು ಜಾರುತ್ತ ಬರುತ್ತವೆ. ಪ್ರತಿಯೊಂದನ್ನೂ ತಕ್ಕ ಗಳಿಗೆಯಲ್ಲಿ ಬೆರಳಿನಿಂದ ಮುಟ್ಟಿದರೆ ರಾಗ ಮುಂದುವರಿಯುತ್ತದೆ. ಒಂದು ತಪ್ಪಿದರೆ ಅಲ್ಲಿಗೆ ಮುಗಿಯಿತು. 'ಪಿಯಾನೋ ಟೈಲ್ಸ್' ಎಂಬ ಹೆಸರಿನಲ್ಲಿ 2014ರಲ್ಲಿ ಇದು ಜಗತ್ತಿನಾದ್ಯಂತ ಹರಡಿತು. ತಾಳದ ಆಟಗಳು ಅದಕ್ಕಿಂತ ಹಳೆಯವು. ಕಾಲಿನಿಂದ ಬಾಣದ ಗುರುತುಗಳನ್ನು ತುಳಿಯುವ 'ಡಾನ್ಸ್ ಡಾನ್ಸ್ ರೆವಲ್ಯೂಷನ್' ಜಪಾನಿನಲ್ಲಿ 1998ರಲ್ಲಿ ಬಂತು. ಐದು ಬಣ್ಣದ ಗುಂಡಿಗಳಿರುವ ಆಟಿಕೆ ಗಿಟಾರಿನ 'ಗಿಟಾರ್ ಹೀರೋ' ಅಮೆರಿಕದಲ್ಲಿ 2005ರಲ್ಲಿ ಬಂತು.

ಇವುಗಳಲ್ಲಿ ಗುಣವೇ ಇಲ್ಲ ಎನ್ನುವುದು ಸುಳ್ಳಾಗುತ್ತದೆ. ರಕ್ತ ಚೆಲ್ಲುವ, ಎದುರಾಳಿಯನ್ನು ಕೊಂದು ಅಂಕ ಗಳಿಸುವ ಆಟಗಳ ಪಕ್ಕದಲ್ಲಿ ಇದು ನಿರಪಾಯಕಾರಿ. ಕಣ್ಣು, ಕಿವಿ, ಬೆರಳು ಮೂರೂ ಒಂದಾಗಬೇಕು. ಸೋತವನು ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ಹತ್ತು ಸಲ ಸೋತರೂ ಹನ್ನೊಂದನೆಯ ಸಲ ಕೂರುತ್ತಾನೆ. ಕಾಲಿನ ಆಟವಂತೂ ಬೆವರಿಳಿಸುತ್ತದೆ. 2006ರಲ್ಲಿ ಅಮೆರಿಕದ ವೆಸ್ಟ್ ವರ್ಜಿನಿಯಾ ರಾಜ್ಯವು ತನ್ನ ಸರಕಾರಿ ಶಾಲೆಗಳ ವ್ಯಾಯಾಮಕ್ಕೆ ಅದನ್ನೇ ತರುವ ಯೋಜನೆಯನ್ನು ಪ್ರಕಟಿಸಿತ್ತು.

ಮದ್ರಸದಲ್ಲಿ ನಾವು ಕಲಿಸುವ ತಜ್ವೀದ್ ಕೂಡ ಕಾಲದ ಲೆಕ್ಕವೇ ಅಲ್ಲವೇ? ಮದ್ದ್ ಬಂದಲ್ಲಿ ಸ್ವರವನ್ನು 2 ಹರಕತ್ ಎಳೆಯಬೇಕು, ಕೆಲವೆಡೆ 4, ಕೆಲವೆಡೆ 6. ಗುನ್ನಾ ಬಂದರೆ 2. ಬೆರಳು ಮಡಚಿ ಬಿಚ್ಚಿ ಎಣಿಸುವುದನ್ನು ಹೇಳಿಕೊಡುತ್ತೇವೆ. ಒಬ್ಬ ಹುಡುಗನಿದ್ದಾನೆ. ಆಟದಲ್ಲಿ ಅವನ ಬೆರಳು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಸಬಖ್ ಒಪ್ಪಿಸುವಾಗ ಮಾತ್ರ 6 ಎಳೆಯಬೇಕಾದಲ್ಲಿ 2ಕ್ಕೇ ಓಡುತ್ತಾನೆ. ಅವನಿಗೆ ತಾಳ ಗೊತ್ತಿಲ್ಲವೆಂದು ಹೇಳುವಂತಿಲ್ಲ. ಮತ್ತೇಕೆ? ನಾನು ಕಂಡುಕೊಂಡದ್ದು ಇದು: ಆಟದಲ್ಲಿ ತಾಳ ಹೊರಗಿನಿಂದ ಬರುತ್ತದೆ, ಹಂಚು ಅವನನ್ನು ಓಡಿಸುತ್ತದೆ. ಓದುವಾಗ ಓಡಿಸುವವರು ಯಾರೂ ಇಲ್ಲ. ನಿಲ್ಲಬೇಕಾದಲ್ಲಿ ತಾನೇ ನಿಲ್ಲಬೇಕು, ಎಣಿಸುವವನೂ ತಾನೇ. ಆಟ ಕಲಿಸುವುದು ಸರಿಯಾದ ಕ್ಷಣದಲ್ಲಿ ಮುಟ್ಟುವುದನ್ನು. ಕಾಯುವುದನ್ನು ಅದು ಕಲಿಸುವುದಿಲ್ಲ. ಗಿಟಾರಿನ ಆಟದಲ್ಲಿ ನಿಪುಣನಾದವನಿಗೆ ನಿಜವಾದ ಗಿಟಾರ್ ಕೊಟ್ಟರೂ ಇದೇ ಗತಿ. ಐದು ಗುಂಡಿಯ ಅಭ್ಯಾಸ ಆರು ತಂತಿಯ ಮುಂದೆ ನಡೆಯುವುದಿಲ್ಲ.

ಇನ್ನೊಂದು ಕೊರತೆಯನ್ನು ಹೇಳಬೇಕು. ಮೊಹರ್ರಮ್‌ನಲ್ಲಿ ನಮ್ಮ ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ಹಲಗೆಯ ಬಡಿತಕ್ಕೆ ಜನ ಸಾಲಾಗಿ ಹೆಜ್ಜೆ ಹಾಕುವುದನ್ನು ನೀವು ಕಂಡಿರುತ್ತೀರಿ. (ಆ ಆಚರಣೆಯ ಧಾರ್ಮಿಕ ನೆಲೆಯ ಬಗ್ಗೆ ನನ್ನ ಅಭಿಪ್ರಾಯ ಬೇರೆ, ಅದನ್ನು ಇಲ್ಲಿಗೆ ಎಳೆಯುವುದಿಲ್ಲ.) ಅಲ್ಲಿ ಒಬ್ಬ ಹೆಜ್ಜೆ ತಪ್ಪಿದರೆ ಪಕ್ಕದವನ ಹೆಜ್ಜೆ ನೋಡಿ ಸರಿಪಡಿಸಿಕೊಳ್ಳುತ್ತಾನೆ, ಮೇಳ ಅವನನ್ನು ಎತ್ತಿಕೊಂಡು ಮುಂದೆ ಹೋಗುತ್ತದೆ. ಮೊಬೈಲಿನ ಆಟದಲ್ಲಿ ತಪ್ಪಿದವನು ಒಂಟಿ. ಅವನ ಮುಂದೆ ಬಂದು ನಿಲ್ಲುವುದು ಒಂದು ಜಾಹೀರಾತು: ಇದನ್ನು ನೋಡು, ಇನ್ನೊಂದು ಅವಕಾಶ ಕೊಡುತ್ತೇನೆ! ಪುಕ್ಕಟೆ ಆಟದ ಬೆಲೆ ಹೀಗೆ ವಸೂಲಾಗುತ್ತದೆ. ಮಗುವಿನ ಸೋಲೇ ಅಲ್ಲಿ ವ್ಯಾಪಾರದ ಸರಕು. ಆ ಜಾಹೀರಾತಿನಲ್ಲಿ ಏನು ಬರುತ್ತದೆಂದು ಆಟ ಕೊಡಿಸಿದ ತಂದೆಗೂ ಗೊತ್ತಿರುವುದಿಲ್ಲ.

ಗಂಟೆಗಟ್ಟಲೆ ಆಡಿ ನಮಾಝಿಗೆ ನಿಂತವನನ್ನು ಕೇಳಿ ನೋಡಿರಿ. ಸಜ್ದಾದಲ್ಲಿ ಕಣ್ಣು ಮುಚ್ಚಿದರೂ ಹಂಚುಗಳು ಇಳಿಯುತ್ತಲೇ ಇರುತ್ತವೆ. ಅಲ್ಲಾಹನ ಮುಂದೆ ಹಣೆಯಿಟ್ಟ ಹೊತ್ತಿನಲ್ಲೂ ಮನಸ್ಸು ಮುಂದಿನ ಹಂಚಿಗಾಗಿ ಕಾಯುತ್ತಿದ್ದರೆ, ನಷ್ಟವಾದದ್ದು ಬರೀ ಸಮಯವೇ?

ಸಂಗೀತದ ವಿಚಾರ ಬಿಟ್ಟು ಮಾತು ಮುಗಿಯದು. ನಾಲ್ಕೂ ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರು ತಂತಿವಾದ್ಯಗಳನ್ನು ನಿಷಿದ್ಧವೆಂದೇ ಹೇಳಿದ್ದಾರೆ. ಇಬ್ನ್ ಹಝ್ಮ್‌ರಂತಹವರು ಆ ನಿಷೇಧದ ಆಧಾರಗಳನ್ನು ಒಪ್ಪಲಿಲ್ಲ. ಇಮಾಮ್ ಗಝಾಲಿಯವರು ತಮ್ಮ 'ಇಹ್ಯಾ'ದಲ್ಲಿ ಆಲಿಸುವುದರ ಬಗ್ಗೆಯೇ ಒಂದು ಭಾಗವನ್ನು ಮೀಸಲಿಟ್ಟು, ಕೇಳುವವನ ಹೃದಯದ ಸ್ಥಿತಿಯನ್ನೂ ಸಮಯ ಸಂದರ್ಭಗಳನ್ನೂ ವಿಚಾರಿಸಿದರು. ನಾನು ಬಹುಪಾಲು ವಿದ್ವಾಂಸರ ಮಾತಿನ ಪಕ್ಷದವನು; ಆಡಲೇಬೇಕೆಂದರೆ ಬರೀ ಬಡಿತದ ಸದ್ದಿನ ಆಟ ಹುಡುಕಿಕೊಡಿ ಎನ್ನುತ್ತೇನೆ. ಆದರೆ ಭಿನ್ನಾಭಿಪ್ರಾಯವಿರುವ ವಿಷಯದಲ್ಲಿ ಎಂಟು ವರ್ಷದ ಮಗುವಿಗೆ ನರಕದ ಹೆದರಿಕೆ ಹಾಕುವುದನ್ನು ಒಪ್ಪಲಾರೆ.

ಈದ್‌ನ ದಿನ ಹಝ್ರತ್ ಆಯಿಶಾ(ರ)ರ ಕೋಣೆಯಲ್ಲಿ ಇಬ್ಬರು ಹುಡುಗಿಯರು ದಫ್ ಬಾರಿಸುತ್ತ ಹಾಡುತ್ತಿದ್ದರು. ಹಝ್ರತ್ ಅಬೂಬಕರ್(ರ) ಗದರಿದಾಗ, ಅವರನ್ನು ಬಿಟ್ಟುಬಿಡಿ, ಇದು ಈದ್‌ನ ದಿನ ಎಂದು ತಡೆದವರು ಪ್ರವಾದಿವರ್ಯರೇ(ಸ). ಅಬಿಸೀನಿಯದವರು ಮಸೀದಿಯಲ್ಲಿ ಈಟಿಗಳ ಆಟವಾಡಿದಾಗ ಆಯಿಶಾ(ರ) ಅವರು ಪ್ರವಾದಿವರ್ಯರ(ಸ) ಮರೆಯಲ್ಲಿ ನಿಂತು, ತಮಗೇ ಸಾಕೆನಿಸುವವರೆಗೆ ನೋಡಿದರು. ಈ ವರದಿಗಳನ್ನು ನಾವು ಓದಿಸುತ್ತೇವೆ, ಆದರೆ ಅವುಗಳಲ್ಲಿರುವ ಹುಡುಗಿಯರನ್ನು ಗಮನಿಸುವುದಿಲ್ಲ.

ನಮ್ಮ ಗಂಡುಮಕ್ಕಳಿಗೆ ಬಯಲಿದೆ, ತುಂಗಭದ್ರೆಯ ದಂಡೆಯ ಬಂಡೆಗಳಿವೆ, ಸಂಜೆಯ ಕ್ರಿಕೆಟ್ ಇದೆ. ಹನ್ನೆರಡು ದಾಟಿದ ಮಗಳಿಗೆ? ಓಣಿಯ ಆಟ ನಿಂತಿತು, ಗೆಳತಿಯ ಮನೆಗೆ ಹೋಗುವುದೂ ಕಡಿಮೆಯಾಯಿತು. ಮನೆಗೆಲಸ ಮುಗಿಸಿ ಮೂಲೆಯಲ್ಲಿ ಕುಳಿತು ಅಣ್ಣನ ಫೋನಿನಲ್ಲಿ ಅರ್ಧ ಗಂಟೆ ಹಂಚು ಮುಟ್ಟುತ್ತಾಳೆ. ಅದನ್ನೂ ಕಿತ್ತುಕೊಳ್ಳಲು ನೀವು ನನ್ನಿಂದ ಫತ್ವಾ ಕೇಳುತ್ತಿದ್ದೀರಿ. ಆ ಅರ್ಧ ಗಂಟೆಗೆ ಬದಲಾಗಿ ಅವಳಿಗೆ ಏನು ಕೊಡುವಿರಿ ಎಂದು ಮೊದಲು ತಿಳಿಸಿರಿ. ಆಮೇಲೆ ಫೋನಿನ ಮಾತು ಆಡೋಣ.