ದೂರದವರ ಅನ್ನ

ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯ ಒಂದು ಸಣ್ಣ ಹಳ್ಳಿಯ ಶಾಲೆಯಲ್ಲಿ ನಾನು ಅಕ್ಷರ ಕಲಿತೆ. 1960ರ ದಶಕದ ಕೊನೆಯ ವರ್ಷಗಳು. ಮಧ್ಯಾಹ್ನದ ಗಂಟೆ ಹೊಡೆಯುವುದಕ್ಕೆ ಮುಂಚೆಯೇ ಶಾಲೆಯ ಹಿಂದುಗಡೆಯ ಒಲೆಯಿಂದ ಒಂದು ವಾಸನೆ ಬರುತ್ತಿತ್ತು; ಕೂಡುವ ಲೆಕ್ಕ ಕಳೆಯುವ ಲೆಕ್ಕಗಳೆಲ್ಲ ಅದರಲ್ಲಿ ಕರಗಿಹೋಗುತ್ತಿದ್ದವು. ಗೋಧಿನುಚ್ಚಿನ ಉಪ್ಪಿಟ್ಟು ಅದು. ಧಾನ್ಯವೂ ಎಣ್ಣೆಯೂ ಅಮೆರಿಕದಿಂದ ಬಂದವು. ತಂದುಕೊಟ್ಟವರು ಕೇರ್ ಎಂಬ ಸಂಸ್ಥೆಯವರು. ಎಣ್ಣೆಯ ಡಬ್ಬದ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡ ಚಿತ್ರವಿರುತ್ತಿತ್ತು. ಒಂದು ಕೈ ಅಮೆರಿಕದ್ದು ಎಂದು ಮೇಷ್ಟರು ಹೇಳಿದ್ದರು. ಇನ್ನೊಂದು ನನ್ನದೇ ಇರಬೇಕೆಂದು ನಾನು ಬಹಳ ದಿನ ನಂಬಿದ್ದೆ.

ನಮ್ಮ ಅಜ್ಜಿಗೆ ಈ ಉಪ್ಪಿಟ್ಟಿನ ವಿಷಯದಲ್ಲಿ ಸಮಾಧಾನವಿರಲಿಲ್ಲ. ರುಚಿಯ ಮಾತಲ್ಲ, ಅವಳು ಅದನ್ನು ಬಾಯಿಗೆ ಹಾಕಿಕೊಂಡವಳೇ ಅಲ್ಲ.

“ಯಾರ ಮನೇದಪ್ಪಾ ಅದು?” ಎಂದು ಒಂದು ದಿನ ಕೇಳಿದಳು.

“ಅಮೆರಿಕದೋರು ಕೊಡ್ತಾರಜ್ಜಿ.”

“ಅವರು ನಮಗೇನಾಗಬೇಕು? ನಾವು ಅವರಿಗೆ ಯಾವತ್ತು ಏನು ಕೊಟ್ಟಿದ್ವಿ? ಇಸ್ಕೊಂಡು ಉಂಡಮೇಲೆ ತಿರುಗಿಸೋದು ಯಾರಿಗೆ?”

ಆಗ ನನಗೆ ಉತ್ತರ ತಿಳಿದಿರಲಿಲ್ಲ. ಆಮೇಲೆ ನಾಲ್ಕು ಪುಸ್ತಕ ಓದಿ ಪಟ್ಟಣ ಸೇರಿದ ಮೇಲೆ ಉತ್ತರ ಸಿಕ್ಕಿತೆಂದೂ ಹೇಳಲಾರೆ. ಆದರೆ ಆ ಉಪ್ಪಿಟ್ಟು ನಮ್ಮ ತಟ್ಟೆಗೆ ಬಂದ ದಾರಿ ಮಾತ್ರ ತಿಳಿಯಿತು. ಅದು ಅಜ್ಜಿ ಊಹಿಸಿದ್ದಕ್ಕಿಂತ ಬಹಳ ಸುತ್ತಿನ ದಾರಿ.

ಅಮೆರಿಕದಲ್ಲಿ ಬೆಳೆದ ಗೋಧಿ ಅಲ್ಲಿಯವರು ಉಂಡು ಮಿಕ್ಕು ಉಗ್ರಾಣಗಳಲ್ಲಿ ರಾಶಿ ಬಿದ್ದಿತ್ತು. ಅದನ್ನು ಹೊರದೇಶಗಳಿಗೆ ಸಾಗಿಸಲು 1954ರಲ್ಲಿ ಅವರೊಂದು ಶಾಸನ ಮಾಡಿದರು; ಪಿ.ಎಲ್. 480 ಎಂದು ನಮ್ಮ ಪತ್ರಿಕೆಗಳಲ್ಲಿ ಮನೆಮಾತಾಗಿದ್ದುದು ಅದೇ. 1956ರಲ್ಲಿ ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿತು. ಬಂದ ಗೋಧಿಯ ಬಹುಭಾಗ ದಾನವಲ್ಲ, ಮಾರಾಟ. ಬೆಲೆಯನ್ನು ಡಾಲರಿನಲ್ಲಿ ಕೊಡಬೇಕಾಗಿರಲಿಲ್ಲ, ರೂಪಾಯಿಯಲ್ಲಿ ಕೊಟ್ಟರೆ ಸಾಕಿತ್ತು. ಆ ರೂಪಾಯಿ ಇಲ್ಲಿಯೇ ಅಮೆರಿಕದ ಲೆಕ್ಕದಲ್ಲಿ ಬೆಳೆಯುತ್ತ ಹೋಗಿ, ಅದರ ದೊಡ್ಡ ಪಾಲು ನಮ್ಮ ಸರ್ಕಾರಕ್ಕೇ ಸಾಲವಾಗಿ ಹಿಂದಿರುಗುತ್ತಿತ್ತು. ಕೊನೆಗೆ 1974ರಲ್ಲಿ ಅಮೆರಿಕದ ರಾಯಭಾರಿ ಮೊಯ್ನಿಹಾನ್ ಅವರು 1,664 ಕೋಟಿ ರೂಪಾಯಿಯ ಒಂದು ಚೆಕ್ಕನ್ನು ಭಾರತ ಸರ್ಕಾರದ ಕೈಗಿತ್ತು ಆ ಲೆಕ್ಕವನ್ನು ಹಗುರ ಮಾಡಿದರು. ಶಾಲೆಯ ಮಕ್ಕಳಿಗೆ ಕೇರ್ ಮೂಲಕ ಬಂದದ್ದು ಇದೇ ಶಾಸನದ ಇನ್ನೊಂದು ಬಾಗಿಲಿನಿಂದ. ಅದು ನಿಜವಾಗಿ ಉಚಿತ; ಆದರೆ ಬಂದರಿನಿಂದ ನಮ್ಮೂರ ತನಕ ಲಾರಿಯ ಬಾಡಿಗೆ, ಗೋದಾಮು ಎಲ್ಲವೂ ನಮ್ಮ ಸರ್ಕಾರದ ಖರ್ಚು.

ಹೀಗಿರುವಾಗ ಕೊಟ್ಟವರು ಯಾರು? ಅಮೆರಿಕದ ರೈತನಿಗೆ ಬೆಲೆ ಸಿಕ್ಕಿತು. ಅಲ್ಲಿಯ ಹಡಗಿನ ಒಡೆಯರಿಗೆ ಬಾಡಿಗೆ ಸಿಕ್ಕಿತು. ಸರಕಿನ ಅರ್ಧವಾದರೂ ಅವರ ಹಡಗಿನಲ್ಲೇ ಬರಬೇಕೆಂಬ ನಿಯಮವಿತ್ತು. ನಮ್ಮ ಸರ್ಕಾರಕ್ಕೆ ಕಷ್ಟಕಾಲ ದಾಟಿತು. ಎಲ್ಲರಿಗೂ ಒಂದಿಷ್ಟು ಲಾಭವಾದ ವ್ಯವಹಾರವನ್ನು ದಾನವೆನ್ನಬಹುದೆ ಎಂದು ಕೇಳುವವರಿದ್ದಾರೆ. ಆ ಗೋಧಿಯ ಜೊತೆಗೇ ಕಾಂಗ್ರೆಸ್ ಗಿಡವೂ ಬಂತು ಎಂಬ ಮಾತನ್ನು ನಮ್ಮ ಕಡೆ ಈಗಲೂ ಕೇಳಬಹುದು. ಅದು ಅದಕ್ಕೂ ಮುಂಚೆಯೇ ಈ ದೇಶದಲ್ಲಿತ್ತು ಎನ್ನುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ಆದರೂ ಜನ ಬಿಡುವುದಿಲ್ಲ. ಪುಕ್ಕಟೆ ಬಂದದ್ದರ ಜೊತೆ ಏನೋ ಒಂದು ಕಳೆ ಬಂದಿರಲೇಬೇಕೆಂಬುದು ಅವರ ನಂಬಿಕೆ.

ನನಗೆ ಈ ಅನುಮಾನ ಪೂರ್ತಿ ಒಪ್ಪಿಗೆಯಿಲ್ಲ. ಹಸಿದ ಮಗುವಿನ ಹೊಟ್ಟೆಗೆ ಕೊಟ್ಟವನ ಉದ್ದೇಶ ತಿಳಿಯುವುದಿಲ್ಲ. ನನ್ನ ಹೊಟ್ಟೆಗೂ ತಿಳಿಯಲಿಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ನಮ್ಮ ಊರಿನೊಳಗೇ ಒಬ್ಬರಿಗೊಬ್ಬರು ಕೊಡುತ್ತಿದ್ದ ಕಾಲವನ್ನು ಹೊಗಳುವವರಿದ್ದಾರೆ. ಹೊಗಳಿಕೆಗೆ ಕಾರಣವೂ ಇದೆ. ರಾಗಿಯನ್ನು ಹಗೇವಿಗೆ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಅದನ್ನು ತೆಗೆದು ಊರು ಉಳಿಯುತ್ತಿತ್ತು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಯಗಾರರಿಗೆಲ್ಲ ಪಾಲು ಸಲ್ಲುತ್ತಿತ್ತು. ಆದರೆ ನಮ್ಮ ಕಣದಲ್ಲಿ ಆ ಪಾಲನ್ನು ತೆಗೆದುಕೊಳ್ಳಲು ಕೆಲವರು ಎಷ್ಟು ದೂರ ನಿಲ್ಲಬೇಕಾಗಿತ್ತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊರದಿಂದ ಸುರಿದದ್ದನ್ನು ಅವರು ಕಂಬಳಿಯಲ್ಲಿ ಹಿಡಿಯುತ್ತಿದ್ದರು. ಅವರ ಹಕ್ಕೇ ಆಗಿದ್ದರೂ ಬಾಗಿಕೊಂಡೇ ಪಡೆಯಬೇಕು. ಸುರಿಯುತ್ತಿದ್ದವರು ನಮ್ಮ ತಾತ. ಅವರು ಕೆಟ್ಟ ಮನುಷ್ಯರಲ್ಲ. ಅಳತೆಯಲ್ಲಿ ಎಂದೂ ಕಡಮೆ ಮಾಡಿದವರಲ್ಲ.

ಆ ಕಣದ ಪಕ್ಕದಲ್ಲಿ ಉಪ್ಪಿಟ್ಟಿನ ಕಡಾಯಿಯನ್ನಿಟ್ಟು ನೋಡಿದಾಗ ನನಗೆ ಒಂದು ಹೊಸ ವಿಷಯ ಹೊಳೆಯಿತು. ದೂರದವರ ಅನ್ನಕ್ಕೆ ಯಾರೂ ಬಾಗಬೇಕಾಗಿರಲಿಲ್ಲ. ಕಣದ ಹೊರಗೆ ನಿಲ್ಲುತ್ತಿದ್ದವರ ಮಗನೂ ನಾನೂ ಒಂದೇ ಕಡಾಯಿಯಿಂದ ಉಂಡೆವು. ಸಾಲು ಬೇರೆಯಾಗಿತ್ತು, ಅದು ನಿಜ, ಆದರೆ ಕಡಾಯಿ ಒಂದೇ. ಅಮೆರಿಕದ ಯಾವನೋ ರೈತ ನಾಳೆ ನಮ್ಮ ಬೀದಿಗೆ ಬಂದು “ನನ್ನ ಅನ್ನ ಉಂಡವನೆ” ಎಂದು ಕರೆಯುವ ಹಾಗಿರಲಿಲ್ಲ. ದಾನಿ ದೂರದಲ್ಲಿದ್ದು, ನಡುವೆ ಸರ್ಕಾರ ನಿಂತರೆ, ಋಣದ ಭಾರ ಉಣ್ಣುವವನ ಬೆನ್ನಿನಿಂದ ಇಳಿದುಹೋಗುತ್ತದೆ.

ಆದರೆ ಅದು ಎಲ್ಲಿಗೆ ಹೋಗುತ್ತದೆ? 1965 ಮತ್ತು 1966ರಲ್ಲಿ ಬೆನ್ನು ಬೆನ್ನಿಗೆ ಮಳೆ ಹೋಯಿತು. 1966ರಲ್ಲಿ ದೇಶ ಸುಮಾರು ಒಂದು ಕೋಟಿ ಟನ್ ಧಾನ್ಯವನ್ನು ಹೊರಗಿನಿಂದ ತರಿಸಿತು. ಅಮೆರಿಕದ ಅಧ್ಯಕ್ಷ ಜಾನ್ಸನ್ ಆಗ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ, ಹಗ್ಗ ಬಿಗಿ ಹಿಡಿದು, ಒಂದೊಂದಾಗಿ ಬಿಟ್ಟರು. ಬೇಸಾಯದ ನೀತಿಯನ್ನು ತಿದ್ದಿಕೊಳ್ಳಿ ಎಂಬುದು ಒಂದು ಷರತ್ತು, ಸಿ. ಸುಬ್ರಹ್ಮಣ್ಯಂ ಅವರಿಗೂ ಆ ತಿದ್ದುಪಡಿ ಬೇಕೇ ಆಗಿತ್ತು, 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗೋಧಿಬೀಜ ತರಿಸಿದ್ದು ಅವರ ಕಾಲದಲ್ಲೇ. ಆದರೆ ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡಿದ ಮಾತು ಜಾನ್ಸನ್ನರಿಗೆ ಹಿಡಿಸದೆ ಹೋದದ್ದೂ ಹಡಗಿನ ಲೆಕ್ಕಕ್ಕೆ ಸೇರಿತು. ನಾನು ಬಾಗದೆ ಉಂಡ ಉಪ್ಪಿಟ್ಟಿಗಾಗಿ ದೆಹಲಿಯಲ್ಲಿ ಯಾರೋ ಬಾಗಿದ್ದರು. ಬಾಗಿದವರು ನನ್ನನ್ನು ಕೇಳಿರಲಿಲ್ಲ. ಡಬ್ಬದ ಮೇಲಿನ ಎರಡನೆಯ ಕೈ ನನ್ನದಾಗಿರಲಿಲ್ಲ. ಅದು ಸರ್ಕಾರದ ಕೈ.

ಅಜ್ಜಿಯ ಪ್ರಶ್ನೆಯನ್ನು ನಾನೀಗ ಸ್ವಲ್ಪ ತಿರುಗಿಸಿ ಕೇಳಿಕೊಳ್ಳುತ್ತೇನೆ. ತಿರುಗಿಸುವುದು ಯಾರಿಗೆ ಎಂಬುದಲ್ಲ. ಹುಳು ಬಂದರೆ, ಮೂಟೆ ತಡವಾದರೆ, ನಮಗೆ ಗೋಧಿ ಬೇಡ ರಾಗಿ ಬೇಕು ಎನ್ನಿಸಿದರೆ, ಯಾರನ್ನು ಕೇಳುವುದು? ಕಣದಲ್ಲಿ ಬಾಗಿ ನಿಂತವನಿಗೆ ತಾತನ ಮುಖವಾದರೂ ಕಾಣುತ್ತಿತ್ತು. ನಮ್ಮ ಮೇಷ್ಟರಿಗೆ ಕಾಣುತ್ತಿದ್ದದ್ದು ರಸೀತಿ ಪುಸ್ತಕ ಮಾತ್ರ.

ದಾನಿಗಳಿಗೂ ಸರ್ಕಾರಕ್ಕೂ ಈ ಕೊರತೆ ಗೊತ್ತಿರಲಿಲ್ಲವೆಂದಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಅಮೆರಿಕದ ನೆರವೂ ಫೋರ್ಡ್ ಪ್ರತಿಷ್ಠಾನದ ಹಣವೂ ಅದರ ಹಿಂದೆ ಇದ್ದವು. ಶ್ರಮದಾನದ ಮಾತು ಎಲ್ಲ ಭಾಷಣಗಳಲ್ಲೂ ಇತ್ತು. ಐದು ವರ್ಷದ ಮೇಲೆ, 1957ರಲ್ಲಿ, ಬಲವಂತರಾಯ್ ಮೆಹ್ತಾ ಸಮಿತಿ ನೋಡಿ ಹೇಳಿದ್ದು, ಜನರಲ್ಲಿ ಸ್ವಂತ ಉತ್ಸಾಹ ಮೂಡಿಲ್ಲ, ಅಧಿಕಾರವನ್ನು ಪಂಚಾಯಿತಿಗೆ ಕೊಡಿ ಎಂದು. ಕೆಲಸ ಮಾಡಲು ಕರೆದಿದ್ದರು, ತೀರ್ಮಾನಿಸಲು ಕರೆದಿರಲಿಲ್ಲ.

ನಮ್ಮ ಜಿಲ್ಲೆಗೆ ಸುಜಲ ಜಲಾನಯನ ಯೋಜನೆ ಬಂದದ್ದು ಬಹಳ ತಡವಾಗಿ, 2001ರ ನಂತರ. ಹಣ ವಿಶ್ವಬ್ಯಾಂಕಿನದು, ಅದೂ ಸಾಲ. ಕೆಲಸ ರಾಜ್ಯ ಸರ್ಕಾರದ್ದು. ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ 2009ರ ವರೆಗೆ ನಡೆಯಿತು. ಹೊಸದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಅದರ ಸಭೆಯೊಂದಕ್ಕೆ ನೆಂಟರೊಡನೆ ನಾನೂ ಹೋಗಿ ಕುಳಿತಿದ್ದೆ. ದೇವಸ್ಥಾನದ ಮುಂದೆ ನೆಲದ ಮೇಲೆ ರಂಗೋಲಿಪುಡಿಯಲ್ಲಿ ಊರಿನ ನಕ್ಷೆ ಬರೆದಿದ್ದರು. ಹಳ್ಳ, ದಿಣ್ಣೆ, ಗೋಕಟ್ಟೆ, ಯಾರ ಹೊಲ ಎಲ್ಲಿ ಎಂಬುದೆಲ್ಲ ಅದರಲ್ಲಿತ್ತು. ಬದು ಹಾಕಿಸಿಕೊಳ್ಳುವವರು ತಮ್ಮ ಪಾಲಿನ ವಂತಿಗೆ ಕಟ್ಟಬೇಕು. ಒಬ್ಬ ಹೆಂಗಸು ಎದ್ದು ನಿಂತು, “ಸಾಹೇಬ್ರೆ, ನೀರು ಮೇಲಿಂದ ಹರಿದು ಬರೋದು, ಬದು ಕೆಳಗಡೆಯಿಂದ ಯಾಕೆ ಶುರುಮಾಡ್ತೀರಿ? ಕೆಳಗಡೆ ಹೊಲ ಯಾರದು ಅಂತ ಎಲ್ಲರಿಗೂ ಗೊತ್ತೈತೆ” ಎಂದಳು. ಸಭೆ ಗೊಳ್ಳೆಂದು ನಕ್ಕಿತು. ಅಧಿಕಾರಿಗಳು ನಗಲಿಲ್ಲ, ಆದರೆ ಪುಡಿಯನ್ನು ಒರೆಸಿ ಗೆರೆಯನ್ನು ಮತ್ತೆ ಎಳೆದರು. ಆಕೆ ಕಟ್ಟಿದ ವಂತಿಗೆ ಎಷ್ಟೋ ಕಾಣೆ. ಆ ಹಣದಿಂದ ಯೋಜನೆ ಶ್ರೀಮಂತವಾಗಲಿಲ್ಲ. ಆದರೆ ಅದನ್ನು ಕಟ್ಟಿದ್ದರಿಂದಲೇ ಆಕೆ ಎದ್ದು ನಿಂತಳೆಂದು ನನಗೆ ತೋರಿತು.

ಹಾಗೆಂದು ವಂತಿಗೆಯೇ ಎಲ್ಲಕ್ಕೂ ಮದ್ದು ಎನ್ನಲಾರೆ. ಕಟ್ಟಲು ಏನೂ ಇಲ್ಲದವನು, ಹೊಲವೇ ಇಲ್ಲದವನು, ಯಾವ ಬಲದ ಮೇಲೆ ಎದ್ದು ನಿಲ್ಲಬೇಕು? ಅವನಿಗೆ ಬಲ ಕೊಟ್ಟದ್ದು ದಾನವೂ ಅಲ್ಲ, ಸಾಲವೂ ಅಲ್ಲ. 2001ರ ನವೆಂಬರಿನಲ್ಲಿ ಶಾಲೆಯ ಬಿಸಿಯೂಟದ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ ಆಜ್ಞೆ, ಮತ್ತು 2013ರ ಆಹಾರ ಭದ್ರತಾ ಕಾಯಿದೆ. ನಮ್ಮ ರಾಜ್ಯ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಒಳ್ಳೆಯ ಹೆಸರು, ಭಾರವಾದ ಹೆಸರು. ದಾನ ಮಾಡುವವನು ಮೇಲೆ ನಿಲ್ಲುತ್ತಾನೆ. ದಾಸೋಹ ಮಾಡುವವನು ದಾಸನಾಗಿ, ಉಣ್ಣುವವನಿಗಿಂತ ಕೆಳಗೆ ನಿಲ್ಲಬೇಕು. ಸಿದ್ಧಗಂಗೆಯಂಥ ಕಡೆ ಪಂಕ್ತಿಯಲ್ಲಿ ಕುಳಿತವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಸರ್ಕಾರಕ್ಕೆ ಆ ನಿಲುವು ಬರುವುದು ಕಷ್ಟ. 2023ರಲ್ಲಿ ರಾಜ್ಯ ಹೆಚ್ಚುವರಿ ಐದು ಕೆ.ಜಿ. ಅಕ್ಕಿಗೆ ಹೊರಟಾಗ ಕೇಂದ್ರ ತನ್ನ ದಾಸ್ತಾನಿನಿಂದ ಮಾರಲಿಲ್ಲ. ಅಕ್ಕಿಯ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ಹಣ ಬಂತು. ಕೊಟ್ಟವರು ನಾವು, ಅಲ್ಲ ನಾವು ಎಂಬ ಜಗಳ ಪತ್ರಿಕೆಯ ತುಂಬ. ರಾಗಿಮುದ್ದೆಯ ಸೀಮೆಗೆ ಅಂದು ಗೋಧಿ ಬಂದಿತ್ತು, ಇಂದು ಅಕ್ಕಿ ಬರುತ್ತಿದೆ. ಕೆಲವು ಜಿಲ್ಲೆಗಳ ಪಡಿತರದಲ್ಲಿ ರಾಗಿ ಸೇರಿರುವುದು ಈಚೆಗೆ. ಕೊಡುವವನ ಉಗ್ರಾಣದಲ್ಲಿ ಇರುವುದೇ ಉಣ್ಣುವವನ ರುಚಿ ಎಂಬ ಲೆಕ್ಕ ಇನ್ನೂ ಪೂರ್ತಿ ಬದಲಾಗಿಲ್ಲ.

ಅಜ್ಜಿಯ ಕಥೆ ಅರ್ಧಕ್ಕೇ ನಿಂತಿತು. ಆ ಪ್ರಶ್ನೆ ಕೇಳಿದ ಮೇಲೆ ಅವಳು ಎರಡು ಮೂರು ದಿನ ಸುಮ್ಮನಿದ್ದಳು. ಆಮೇಲೆ ಒಂದು ಬೆಳಿಗ್ಗೆ ಹಿತ್ತಲಿನ ಕರಿಬೇವು, ಒಂದು ಬೊಗಸೆ ಹಸಿಮೆಣಸಿನಕಾಯಿ, ಎರಡು ಗಡ್ಡೆ ಈರುಳ್ಳಿಯನ್ನು ನನ್ನ ಕೈಚೀಲಕ್ಕೆ ತುರುಕಿ, “ನಿಮ್ಮ ಮೇಷ್ಟರಿಗೆ ಕೊಡು. ಒಗ್ಗರಣೆಯಾದರೂ ನಮ್ಮದಿರಲಿ” ಎಂದಳು. ಮೇಷ್ಟರು ಚೀಲವನ್ನು ತೆರೆದು ನೋಡಿ ಏನೂ ಹೇಳದೆ ಅಡಿಗೆಯವಳ ಕೈಗೆ ಕೊಟ್ಟರು. ವಾರದೊಳಗೆ ಇನ್ನೂ ನಾಲ್ಕು ಮನೆಗಳಿಂದ ಕರಿಬೇವು ಬಂತು. ಅದಾದ ಮೇಲೆ ಅಜ್ಜಿ ದಿನವೂ ಸಂಜೆ ನನ್ನನ್ನು ನಿಲ್ಲಿಸಿ, ಇವತ್ತು ಉಪ್ಪು ಸರಿಯಿತ್ತೆ, ಎಲ್ಲರಿಗೂ ಸಮನಾಗಿ ಬಡಿಸಿದರೆ, ಎಂದು ವಿಚಾರಿಸತೊಡಗಿದಳು. ಒಮ್ಮೆ ಸಮನಾಗಿ ಬಡಿಸಲಿಲ್ಲವೆಂದು ನಾನು ಹೇಳಿದ್ದಕ್ಕೆ ಸೆರಗು ಸಿಕ್ಕಿಸಿಕೊಂಡು ಶಾಲೆಗೇ ಹೊರಟಳು.