ಯಾವ ಹವಳ, ಯಾರ ತ್ಯಾಗ?

ಎಲ್ಲವನ್ನೂ ಉಳಿಸಿಕೊಳ್ಳಲಾಗದಾಗ ಯಾವುದನ್ನು ಉಳಿಸಬೇಕೆಂಬ ಪ್ರಶ್ನೆ ಸಂಸಾರಸ್ಥರಾದ ನಮಗೆ ಹೊಸದಲ್ಲ. ಮನೆಯಲ್ಲಾದರೆ ಆರಿಸುವವರೂ ಅದರ ಫಲ ಉಣ್ಣುವವರೂ ನಾವೇ. ಸಮುದ್ರದ ವಿಷಯದಲ್ಲಿ ಆರಿಸುವವರೊಬ್ಬರು, ತೆರುವವರು ಇನ್ನೊಬ್ಬರು. ಕರಾವಳಿಯ ಯಾವ ಹವಳದ ದಿಬ್ಬವನ್ನು ಬಲೆಯಿಂದಲೂ ಪ್ರವಾಸಿಗರಿಂದಲೂ ಕಾಪಾಡಬೇಕೆಂಬ ಚರ್ಚೆಯ ತೊಡಕು ಇರುವುದು ಇಲ್ಲಿಯೇ.

ಹವಳವೆಂದರೆ ಉಂಗುರದ ಕಲ್ಲೆಂದೇ ನಮ್ಮಲ್ಲಿ ಅನೇಕರ ಭಾವನೆ. ವಾಸ್ತವವಾಗಿ ಅದು ಪುಟ್ಟ ಜೀವಿಗಳು ಕಟ್ಟಿದ ಸುಣ್ಣದ ಊರು. ಅವುಗಳ ಮೈಯೊಳಗೆ ನೆಲೆಸಿದ ಪಾಚಿಯೇ ಅವಕ್ಕೆ ಅನ್ನ ಕೊಡುತ್ತದೆ. ನೀರು ಅತಿಯಾಗಿ ಬಿಸಿಯಾದರೆ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಅನೇಕ ಜಾತಿಯ ಹವಳಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರು ಬೆಳೆದರೆ ಹೆಚ್ಚು. ಒಂದು ಲಂಗರು ಬಿದ್ದರೆ ಹತ್ತಾರು ವರ್ಷಗಳ ದುಡಿಮೆ ಪುಡಿಯಾಗುತ್ತದೆ. ಮೀನಿನ ಮರಿಗಳಿಗೆ ಆಸರೆಯಾಗುವುದೂ ಈ ದಿಬ್ಬಗಳೇ.

ಗಟ್ಟಿ ಹವಳಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿದವು. ಕಾಯಿದೆಯಲ್ಲಿ ಎಲ್ಲ ಹವಳವೂ ಸಮಾನ. ಆದರೆ ಹಣವೂ ಕಾವಲೂ ಎಲ್ಲೆಡೆಗೆ ಸಾಲದಿರುವುದರಿಂದ ಆಯ್ಕೆ ತಪ್ಪುವುದಿಲ್ಲ. ಚೆಲುವಾದದ್ದನ್ನು ಮೊದಲು ಉಳಿಸೋಣವೆನ್ನುವವರಿದ್ದಾರೆ. ಬಿಸಿಯನ್ನು ತಾಳಿ ಬದುಕಬಲ್ಲದ್ದನ್ನು ಉಳಿಸೋಣವೆನ್ನುವ ವಿಜ್ಞಾನಿಗಳಿದ್ದಾರೆ. ನಮ್ಮ ಮುಂಬಯಿಯ ಕರಾವಳಿ ರಸ್ತೆಗಾಗಿ 2020ರಲ್ಲಿ ಹಾಜಿ ಅಲಿ, ವರ್ಲಿಗಳಿಂದ 18 ಹವಳದ ಗುಚ್ಛಗಳನ್ನು ಸ್ಥಳಾಂತರಿಸಿದಾಗ, ಈ ಕೆಸರುನೀರಿನಲ್ಲಿಯೂ ಹವಳವುಂಟೇ ಎಂದು ಎಷ್ಟೋ ಮಂದಿ ಬೆರಗಾದರು. ನೋಟಕ್ಕೆ ಸಾಮಾನ್ಯವಾದರೂ ಬಾಳುವ ಛಲದಲ್ಲಿ ಅವು ಕಡಿಮೆಯವಲ್ಲ. ಚೆಲುವೊಂದನ್ನೇ ಅಳತೆಗೋಲು ಮಾಡಿಕೊಳ್ಳಲಾಗದು.

ಮುರ್ಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರು ದೂರದ ನೇತ್ರಾಣಿಯನ್ನು ನೋಡಿ. ಅದು ಮೀನುಗಾರರಿಗೆ ಜಟ್ಟಿಗ ದೈವದ ನೆಲೆ, ನೌಕಾಪಡೆಗೆ ಗುಂಡಿನ ಗುರಿಯಾಗಿದ್ದ ಬಂಡೆ, ಇಂದಿನ ಪ್ರವಾಸಿಗನಿಗೆ ನೀರಿಗಿಳಿದು ಹವಳ ನೋಡುವ ತಾಣ. ಇಲ್ಲಿ ಮೊದಲು ಯಾರನ್ನು ತಡೆಯಬೇಕು? ಬಲೆಯವನನ್ನು ತಡೆಯುವುದು ಸುಲಭ. ಪ್ರವಾಸಿಗನ ಹಿಂದೆ ಹಣವಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಬಾರದು.

ಮಾಲವಣದಲ್ಲಿ 1987ರಲ್ಲಿ ಸುಮಾರು 29 ಚದರ ಕಿಲೋಮೀಟರು ಸಮುದ್ರವನ್ನು ಅಭಯಾರಣ್ಯವೆಂದು ಘೋಷಿಸಿದಾಗ ಮೀನುಗಾರರು ಬಲವಾಗಿ ವಿರೋಧಿಸಿದರು. ಮುಂದೆ ಅಲ್ಲಿಯೇ ನೀರಾಟದ ಪ್ರವಾಸೋದ್ಯಮ ಬೆಳೆಯಿತು. ಮೀನುಗಾರರಿಗೆ ಸಂಯಮ ಗೊತ್ತಿಲ್ಲವೆನ್ನಲಾಗದು: ನಮ್ಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ದಡದಲ್ಲಿಯೇ ಇರುತ್ತವೆ. ದಿಬ್ಬದಲ್ಲಿ ಬೆಳೆದ ಮೀನು ನಾಳೆ ಹೊರಗಿನ ಬಲೆಗೂ ಬಂದೀತು, ನಿಜ. ಆದರೆ ನಾಳೆಯ ಮೀನು ಇಂದಿನ ಒಲೆಯ ಮೇಲೆ ಬೇಯುವುದಿಲ್ಲ.

ಆದುದರಿಂದ ನಮಗೆ ತೋರುವ ನ್ಯಾಯವಿಷ್ಟು. ಬದುಕಿ ಉಳಿಯುವ ದಿಬ್ಬ ಯಾವುದೆಂದು ವಿಜ್ಞಾನಿ ಹೇಳಲಿ. ಆ ನೀರನ್ನು ಬಲ್ಲ ಮೀನುಗಾರನೂ ಆ ಸಭೆಯಲ್ಲಿ ಕುಳಿತಿರಲಿ. ನಿರ್ಬಂಧ ಬಂದರೆ ಸುಖಕ್ಕೆ ಹೋಗುವವನಿಗೆ ಮೊದಲು ಬರಲಿ, ಅನ್ನಕ್ಕೆ ಹೋಗುವವನಿಗೆ ಆಮೇಲೆ, ಅದೂ ಬದಲಿ ಗಳಿಕೆಯೊಂದಿಗೆ. ಪ್ರವಾಸಿಗರಿಂದ ಊರ ಹುಡುಗರಿಗೂ ಕೆಲಸ ಸಿಕ್ಕಿದೆಯಲ್ಲ ಎನ್ನಬಹುದು. ಹೌದು, ಅವರ ಗಳಿಕೆಯೂ ಅನ್ನವೇ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಹವಳ ಸತ್ತ ಮೇಲೆ ಆ ಕೆಲಸವೂ ಉಳಿಯದು.

ಪವಾಯಿಯಲ್ಲಿ ಕುಳಿತ ನಾವು ಇದರಲ್ಲಿ ಹೊರಗಿನವರಲ್ಲ. ಕೆರೆಯ ದಂಡೆಯ ಸೈಕಲ್ ಹಾದಿಯನ್ನು ಬೊಂಬಾಯಿ ಹೈಕೋರ್ಟು 2022ರಲ್ಲಿ ಅಕ್ರಮವೆಂದಿತು. ಕೆರೆಯ ಮೊಸಳೆಗಳಿಗಾಗಿ ಇಲ್ಲಿಯವರು ಬಿಟ್ಟುಕೊಡಬೇಕಾದದ್ದು ಸಂಜೆಯ ಒಂದು ಸುಖವನ್ನು ಮಾತ್ರ. ನೇತ್ರಾಣಿಯಲ್ಲಿ ಕೇಳಲಾಗುವುದು ಒಬ್ಬನ ಅನ್ನವನ್ನು. ಬಂಗುಡೆ, ಅಂಜಲುಗಳನ್ನು ಚಪ್ಪರಿಸುವವರೂ ನಾವೇ, ಮೇ ರಜೆಯಲ್ಲಿ ಊರಿಗೆ ಹೋಗಿ ದೋಣಿ ಹತ್ತುವವರೂ ನಾವೇ. ಮುಂದಿನ ಸಲ ಹತ್ತುವ ಮುನ್ನ ಒಂದು ಮಾತು ಕೇಳೋಣ: ಈ ದೋಣಿ ಹವಳದ ಮೇಲೆ ಲಂಗರು ಹಾಕುತ್ತದೆಯೇ, ತೇಲುಬುರುಡೆಗೆ ಕಟ್ಟಿ ನಿಲ್ಲುತ್ತದೆಯೇ? ಲಂಗರು ಹಾಕುವುದಾದರೆ, ಮಕ್ಕಳು ಎಷ್ಟೇ ಹಟ ಮಾಡಿದರೂ, ದಡದಲ್ಲಿಯೇ ಉಳಿಯೋಣ.